ಸೊನ್ನೆಯ ಕಿಂಡಿ

ಅಕ್ಟೋಬರ್ 6

ಭಾವನವರಿಗೆ,

ಹನ್ನೊಂದು ವರ್ಷದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ನಾನಾಗಿ ಬರೆಯುತ್ತಿಲ್ಲ, ಬರೆಸುತ್ತಿದ್ದಾರೆ ಎಂದು ಮೊದಲೇ ಹೇಳಿಬಿಟ್ಟರೆ ನಿಮಗೆ ಓದಲೂ ಹಗುರ, ನನಗೆ ಬರೆಯಲೂ ಹಗುರ.

ಪತ್ರಿಕೆಯಲ್ಲಿ ನೋಡಿರುತ್ತೀರಿ. ನಮ್ಮ ಹತ್ತಿ ಗಿರಣಿಯ ಫುಟ್‌ಬಾಲ್ ತಂಡವನ್ನು ಅದರ ಮಾಲೀಕ ಈ ವರ್ಷದ ಪಂದ್ಯಗಳು ಮುಗಿದ ಮೇಲೆ ಬಂದರಿನ ಪಟ್ಟಣಕ್ಕೆ ಒಯ್ಯುತ್ತಾನಂತೆ. ರೈಲಿನಲ್ಲಿ ಒಂಬತ್ತು ಗಂಟೆಯ ದಾರಿ. ಅಲ್ಲಿ ಹೊಸ ಕ್ರೀಡಾಂಗಣ ಎದ್ದಿದೆ, ಅದರೊಳಗೆ ಆಡುವುದಕ್ಕೆ ಒಂದು ತಂಡ ಬೇಕಾಗಿದೆ. 'ಗಿರಣಿಯೇ ಮುಚ್ಚಿ ಇಪ್ಪತ್ತು ವರ್ಷವಾಯಿತು, ಇನ್ನು ಗಿರಣಿ ತಂಡಕ್ಕೆ ಇಲ್ಲೇನು ಕೆಲಸ' ಎಂದನಂತೆ. ತಂಡವೆಂದರೆ ಬಾಡಿಗೆ ಮನೆಯ ಕಪಾಟು ಎಂದುಕೊಂಡಿದ್ದಾನೆ, ನಾಲ್ಕು ಜನ ಹಿಡಿದರೆ ಹೊರಗೆ ಬರುತ್ತದೆ. ಬಂದೀತು. ಕಪಾಟು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯೇ ಉಳಿದಿರುತ್ತದಲ್ಲ, ಅದನ್ನು ಯಾರೂ ಒಯ್ಯುವುದಿಲ್ಲ. ಅಂಗಡಿಗಳಿಗೆ ಬೋರ್ಡು ಬರೆದು ಬದುಕುವವನಿಗೆ ಇಂಥದ್ದೇ ಕಣ್ಣಿಗೆ ಬೀಳುತ್ತದೆ.

ನಮ್ಮ ಅಭಿಮಾನಿ ಸಂಘಕ್ಕೆ ಈಗ ಔಷಧಿ ಅಂಗಡಿಯಾಕೆ ಅಧ್ಯಕ್ಷೆ. ಮೊನ್ನೆ ಅವರ ಶಟರಿಗೆ ಬಣ್ಣ ಬಳಿಯುತ್ತಿದ್ದೆ. ಏಣಿಯ ಕೆಳಗೆ ನಿಂತು ಹೇಳಿದರು:

"ರೈಲ್ವೆ ವರ್ಕ್‌ಶಾಪ್ ತಂಡದ ಕಡೆಯವರು ಜೊತೆಗೆ ಬಂದ್ರೆ ಮಾತ್ರ ನಮ್ಮ ಹೋರಾಟ ನಡೆಯುತ್ತೆ. ನಾವೊಬ್ಬರೇ ಕೂಗಿದ್ರೆ ಅಳುಮುಂಜಿಗಳು ಅಂತಾರೆ. ಶತ್ರುಗಳೂ ಬೇಡ ಅಂದ್ರೆ ಲೋಕ ತಿರುಗಿ ನೋಡುತ್ತೆ. ಅಲ್ಲಿ ಮಾತು ನಡೆಯೋದು ಡೋಲಿನವರದ್ದು. ನಿಮ್ಮ ಭಾವ ತಾನೇ?"

"ಭಾವ ಹೌದು. ನನ್ನ ಕಾಗದ ಅಂದ್ರೆ ಅವರು ಒಡೆಯೋದೂ ಇಲ್ಲ."

"ಒಡೀದಿದ್ರೆ ಬೇಡ ಬಿಡಿ. ಲಕೋಟೆ ಮೇಲೇ ಬರೀರಿ."

ಒಳಗೇ ಬರೆದಿದ್ದೇನೆ. ಮೊಣಕಾಲು ಹೇಗಿದೆ ಎಂದು ಕೇಳಬಹುದೋ ಬಾರದೋ ತಿಳಿಯದು.

ಇಂತಿ,
ಬೋರ್ಡಿನವನು

*

ಅಕ್ಟೋಬರ್ 19

ಬೋರ್ಡಿನವನಿಗೆ,

ಕಾಗದ ಒಡೆದೆ. ನಿನ್ನ ಅಕ್ಷರ ನೋಡಿದರೆ ಯಾವುದೋ ಅಂಗಡಿ ಹೊಸದಾಗಿ ಶುರುವಾಗಿದೆ ಅನ್ನಿಸುತ್ತದೆ, ಯಾರಾದರೂ ಒಡೆಯುತ್ತಾರೆ.

ರೈಲ್ವೆ ವರ್ಕ್‌ಶಾಪಿನ ಕ್ಯಾಂಟೀನಿಗೆ ಒಯ್ದು ನಮ್ಮವರ ಮುಂದೆ ಓದಿದೆ. ನಾನು ನಿವೃತ್ತನಾದರೂ ಅಲ್ಲಿ ನನ್ನ ಲೋಟ ಇನ್ನೂ ಇದೆ. ಮೊದಲು ಎಲ್ಲರೂ ನಕ್ಕರು. "ಹತ್ತಿ ತಲೆಗಳು ತೊಲಗಿದ್ವು, ಪೀಡೆ ಕಳೀತು" ಎಂದ ಒಬ್ಬ. "ಸ್ಟೇಷನ್‌ಗೆ ಹೋಗಿ ನಾವೇ ಗಾಡಿ ಹತ್ತಿಸಿ ಬರೋಣ" ಎಂದ ಇನ್ನೊಬ್ಬ. ಆಮೇಲೆ ಮೂಲೆಯಲ್ಲಿ ಕೂತಿದ್ದ ನಮ್ಮ ಹಳೆಯ ಬಾಯ್ಲರಿನವನು, ವರ್ಷಕ್ಕೆ ಎರಡು ಮಾತಾಡುವವನು, ತಲೆ ಎತ್ತದೆ ಕೇಳಿದ: "ಹಾಗಾದ್ರೆ ನಾವು ಯಾರನ್ನ ಬೈಯೋದು?"

ಚಹಾ ಆರಿತು. ಎಪ್ಪತ್ತು ವರ್ಷದಿಂದ ನಿಮ್ಮನ್ನು ಬೈದುಕೊಂಡು ಬಂದಿದ್ದೇವೆ. ಆ ಬೈಗುಳ ಹೊಸಬರ ಮೇಲೆ ಕೂರುವುದಿಲ್ಲ.

ಬರುತ್ತಾರೆ ಎಂದು ಆಕೆಗೆ ಹೇಳು. ನಾನು ಬರುವುದಿಲ್ಲ. ಮೊಣಕಾಲು ನೀನು ಬಿಟ್ಟ ಹಾಗೇ ಇದೆ.

ಡೋಲು
(ಹೆಸರು ಮಾತ್ರ. ಚರ್ಮ ಹರಿದ ಮೇಲೆ ಮತ್ತೆ ಕಟ್ಟಿಸಲಿಲ್ಲ.)

*

ನವೆಂಬರ್ 3

ಭಾವನವರಿಗೆ,

ಸಭೆ ಕ್ಷೌರದಂಗಡಿಯಲ್ಲಿ ನಡೆಯಿತು. ಎರಡು ಕಡೆಯವರ ಕುತ್ತಿಗೆಗೂ ಕತ್ತಿ ಇಟ್ಟು ಯಾರನ್ನೂ ಕೊಯ್ಯದ ಮನುಷ್ಯ ಊರಿನಲ್ಲಿ ಅವನೊಬ್ಬನೇ. ನಿಮ್ಮವರು ಕನ್ನಡಿಯ ಕಡೆಯ ಬೆಂಚಿನಲ್ಲಿ, ನಮ್ಮವರು ಎದುರಿನ ಬೆಂಚಿನಲ್ಲಿ. ಹಾಗಾಗಿ ನಮ್ಮವರಿಗೆ ನಿಮ್ಮವರ ಮುಖವೂ ಕಾಣುತ್ತಿತ್ತು, ಅವರ ಹಿಂದೆ ಕನ್ನಡಿಯಲ್ಲಿ ತಮ್ಮದೂ ಕಾಣುತ್ತಿತ್ತು. ನಾನು ಬಾಗಿಲ ಬಳಿ ನಿಂತಿದ್ದೆ. ಕೂರಲು ಯಾರೂ ಜಾಗ ಬಿಡಲಿಲ್ಲ, ನಾನು ಕೇಳಲೂ ಇಲ್ಲ.

ಫೆಬ್ರವರಿ ಇಪ್ಪತ್ತರಂದು ನಮ್ಮ ಮೈದಾನದಲ್ಲಿ ನಮಗೂ ನಿಮಗೂ ಪಂದ್ಯ. ಅವತ್ತೇ ಏನಾದರೂ ಮಾಡಬೇಕು ಎನ್ನುವವರೆಗೆ ಮಾತು ಬಂತು, ಏನು ಎಂಬಲ್ಲಿ ನಿಂತಿತು. ಮೆರವಣಿಗೆ ಎಂದರು, ಗೇಟಿಗೆ ಬೀಗ ಎಂದರು. ಆಗ ನಿಮ್ಮ ಕಡೆಯ ಬಸ್ ಕಂಡಕ್ಟರ್ ನನ್ನ ಕಡೆ ತಿರುಗಿದ.

"ಸೊನ್ನೆಯವರೇ, ಬಂದಿದ್ದಕ್ಕೆ ಒಂದು ಕೇಳ್ತೀನಿ. ಹನ್ನೊಂದು ವರ್ಷದ ಹಿಂದೆ ಅವತ್ತು ಅಂಕಿಯ ಬೋರ್ಡಲ್ಲಿ ನಮ್ಮ ಹೆಸರಿನ ಕೆಳಗೆ ಎರಡು ಯಾಕೆ ನೇತು ಹಾಕಿದ್ರಿ? ನಮ್ಮನ್ನ ಹುಚ್ಚರು ಮಾಡೋಕಾ?"

"ಅಯ್ಯೋ, ಅಲ್ಲಪ್ಪ" ಎಂದ ನಮ್ಮ ಕಡೆಯವನೊಬ್ಬ. "ಭಾವನಿಗೆ ಉಡುಗೊರೆ ಕೊಡೋಕೆ!"

ಎರಡು ಬೆಂಚೂ ನಕ್ಕವು. ಅವರು ಒಟ್ಟಿಗೆ ನಕ್ಕದ್ದು ಅದೇ ಮೊದಲು. ಒಗ್ಗಟ್ಟು ನನ್ನಿಂದಲೇ ಆಯಿತೆನ್ನಿ.

ವಿವರಿಸಬೇಕಾಯಿತು. ಪಂದ್ಯದ ದಿನ ನಾನು ಕೂತು ಅಂಕಿ ಬದಲಿಸುವ ಬೋರ್ಡಿನ ಗೂಡು ತಗಡಿನದು, ಹಿಂದಿನಿಂದ ಏಣಿ, ಮುಂದೆ ಎರಡು ಕೊಕ್ಕೆ, ಒಂದೊಂದು ತಂಡಕ್ಕೆ ಒಂದೊಂದು. ಅದನ್ನು ಕಟ್ಟಿದ ನಮ್ಮಪ್ಪ ಸೊನ್ನೆಯ ಹೊಟ್ಟೆಯನ್ನು ಕತ್ತರಿಸಿ ಕಿಂಡಿ ಮಾಡಿದ್ದ. ಎರಡು ಕೊಕ್ಕೆಯಲ್ಲೂ ಸೊನ್ನೆ ಇರುವಾಗ ಒಳಗಿರುವವನಿಗೆ ಎರಡು ಕಣ್ಣು. ಒಂದು ತಂಡ ಗೋಲು ಹೊಡೆದರೆ ಒಂದು ಕಣ್ಣು ಹೋಯಿತು. ಎರಡೂ ಹೊಡೆದರೆ ಕುರುಡ. (ಆರಕ್ಕೂ ಎಂಟಕ್ಕೂ ಹೊಟ್ಟೆಯಿದೆ, ಆದರೆ ನಮ್ಮ ತಂಡ ಅಲ್ಲಿಯವರೆಗೆ ಹೋದದ್ದಿಲ್ಲ ಎಂದೆ. ಅದಕ್ಕೂ ನಕ್ಕರು.) ಅಲ್ಲಿಂದ ಮುಂದೆ ಕಿವಿಯೇ ಗತಿ. ಬಲಗಡೆ ಗ್ಯಾಲರಿ ಎದ್ದು ಕೂಗಿದರೆ ನಮ್ಮ ಗೋಲು, ಎಡಗಡೆ ಕೂಗಿದರೆ ನಿಮ್ಮದು. ಅವತ್ತು ಒಂದು–ಒಂದು ಆಗಿತ್ತು. ಎಡಗಡೆ ಡೋಲಿಗೆ ಪೆಟ್ಟು ಬಿತ್ತು, ಗ್ಯಾಲರಿ ಭೋರೆಂದಿತು. ನಾನು ಎರಡು ನೇತು ಹಾಕಿದೆ. ಗೋಲೇ ಆಗಿರಲಿಲ್ಲ. ಬೋರ್ಡು ನೋಡಿ ನಿಮ್ಮವರು ಗೆದ್ದೆವೆಂದು ಕಂಬಿ ಹಾರಿದರು, ನಮ್ಮವರು ಮೋಸವೆಂದು ಎದುರಿಗೆ ನುಗ್ಗಿದರು, ಕಂಬಿ ಮುರಿಯಿತು. ಮುಂದಿನದು ನಿಮ್ಮ ಮೊಣಕಾಲಿಗೆ ಗೊತ್ತು.

"ಗೋಲಿಲ್ಲದೆ ನಾವು ಯಾಕೆ ಕೂಗಿದ್ವು?" ಎಂದ ಕಂಡಕ್ಟರ್. ಅವನು ಆಗ ಚಿಕ್ಕವನಿದ್ದಿರಬೇಕು.

ಗೊತ್ತಿಲ್ಲ ಎಂದೆ. ನಿಮ್ಮ ಬಾಯ್ಲರಿನ ಹಿರಿಯರು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದರು. ಅದು ಬಿಚ್ಚಿರಲಿಲ್ಲ.

ಇಂತಿ,
ಸೊನ್ನೆ

*

ನವೆಂಬರ್ 25

ಸೊನ್ನೆಗೆ,

ಲೇಸಿನ ವಿಷಯ ಬಿಡು. ಕೆಲಸದ ಮಾತಿಗೆ ಬರೋಣ.

ಕ್ಯಾಂಟೀನಿಗೆ ಬಂದ ಸುದ್ದಿ ಇದು: ಅವತ್ತು ನಿಮ್ಮ ಮಾಲೀಕ ಬಂದರಿನ ಪಟ್ಟಣದವರನ್ನು ಕರೆತರುತ್ತಾನೆ. ಕೋಲಿಗೆ ಮೈಕು ಕಟ್ಟಿಕೊಂಡು ಬರುತ್ತಾರೆ. ಅವರಿಗೆ ಬೇಕಾಗಿರುವುದು ಆಟ ಅಲ್ಲ, ನಮ್ಮ ನಿಮ್ಮ ಗದ್ದಲ. ಅದನ್ನು ಹಿಡಿದುಕೊಂಡು ಹೋಗಿ ಹೊಸ ಕ್ರೀಡಾಂಗಣದ ಜಾಹೀರಾತಿನಲ್ಲಿ ಕೇಳಿಸುತ್ತಾರಂತೆ. ಮನೆ ಖಾಲಿ ಮಾಡಿಸುವವನು ಮನೆಯವರ ನಗುವನ್ನೂ ಪೆಟ್ಟಿಗೆಯಲ್ಲಿ ಹಾಕಿ ಕಟ್ಟಿದ ಹಾಗೆ.

ಕೊಡಬಾರದು. ತೊಂಬತ್ತು ನಿಮಿಷ ಎರಡು ಗ್ಯಾಲರಿಯೂ ತುಂಬಿರಲಿ, ಒಂದು ಕೆಮ್ಮೂ ಬೇಡ. ಗೋಲಾದರೂ ಬೇಡ. ಬೈಗುಳವೂ ಬೇಡ, ಅದು ನಮಗೆ ಕಷ್ಟವೇ. ನಾನು ಹೇಳಿದೆ ಎಂದರೆ ನಮ್ಮವರು ಕೇಳುತ್ತಾರೆ. ಮೂವತ್ತು ವರ್ಷ ಡೋಲು ಬಾರಿಸಿದವನೇ ಸುಮ್ಮನಿರಿ ಎಂದ ಮೇಲೆ ಅದರಲ್ಲೇನೋ ಇದೆ ಅಂದುಕೊಳ್ಳುತ್ತಾರೆ.

ಒಂದು ತೊಡಕಿದೆ, ಯೋಚಿಸಿದ್ದೀಯೋ ಇಲ್ಲವೋ. ಎರಡೂ ಕಡೆ ಗೋಲಾದರೆ ನೀನು ಕುರುಡ. ಯಾರೂ ಕೂಗದಿದ್ದರೆ ಕಿವುಡನೂ ಆಗುತ್ತೀಯ. ಆಗ ಏನು ಮಾಡುತ್ತೀ?

ಡೋಲು

*

ಡಿಸೆಂಬರ್ 14

ಭಾವನವರಿಗೆ,

ನಿಮ್ಮ ಸಲಹೆ ಎರಡು ಬೆಂಚಿಗೂ ಒಪ್ಪಿಗೆಯಾಯಿತು. ಔಷಧಿ ಅಂಗಡಿಯಾಕೆ, "ಡೋಲಿನವರ ತಲೆ ಒಳ್ಳೇದೇ, ಇಷ್ಟು ದಿನ ಚರ್ಮದ ಮೇಲೆ ವ್ಯರ್ಥ ಮಾಡಿದ್ರು" ಎಂದರು. ಕೆಮ್ಮಿನವರಿಗೆಲ್ಲ ಅವರ ಅಂಗಡಿಯಿಂದಲೇ ಮಾತ್ರೆ.

ನಿಮ್ಮ ಕೊನೆಯ ಪ್ರಶ್ನೆಯನ್ನು ಅಲ್ಲಿ ಓದಲಿಲ್ಲ. ಎರಡು ಕಡೆಯಿಂದ ನಲವತ್ತು ಜನ ಕೂತು ಎರಡು ತಾಸು ಮಾತಾಡಿದರು. ನಾನು ಏನು ಮಾಡುತ್ತೇನೆ ಎಂದು ಒಬ್ಬರಿಗೂ ಹೊಳೆಯಲಿಲ್ಲ, ಮೂವತ್ತೆರಡು ವರ್ಷ ಆ ಗೂಡಿನಲ್ಲಿ ಕೂತ ನನಗೂ ಹೊಳೆದಿರಲಿಲ್ಲ. ಇನ್ನೊಂದು ರಸ್ತೆಯಲ್ಲಿ, ಮೊಣಕಾಲು ಚಾಚಿಕೊಂಡು ಒಬ್ಬರೇ ಕೂತಿದ್ದ ನಿಮಗೆ ಹೊಳೆಯಿತು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಮೈದಾನಕ್ಕೆ ಹೋಗಿ ಗೂಡಿನಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ. ಪಂದ್ಯವಿರಲಿಲ್ಲ. ಎರಡು ಸೊನ್ನೆ ಹಾಕಿ ನೋಡಿದೆ. ಬಲಗಡೆ ಸೊನ್ನೆಯಲ್ಲಿ ಹುಲ್ಲು, ಎಡಗಡೆ ಸೊನ್ನೆಯಲ್ಲಿ ಹುಲ್ಲು.

ಆ ಗಲಾಟೆಯ ಮೇಲೆ ಸಂಘದವರು ಗೂಡಿಗೆ ಇನ್ನೊಂದು ಕಿಂಡಿ ಕೊರೆಸಿದ್ದರು. ಎರಡೇ ತಿಂಗಳಲ್ಲಿ ಅದರ ಮೇಲೆ ಸಿಮೆಂಟಿನ ಜಾಹೀರಾತು ಬಂತು. ಆ ಜಾಹೀರಾತಿನ ಅಕ್ಷರ ಬರೆದವನೂ ನಾನೇ. ಈಗ ಮಾಲೀಕನನ್ನು ಕೇಳಿದರೆ, ಇನ್ನು ನಾಲ್ಕು ತಿಂಗಳಿಗೆ ಕಿಂಡಿ ಯಾಕೆ ಎನ್ನುತ್ತಾನೆ.

ಏನು ಮಾಡುತ್ತೇನೋ ಗೊತ್ತಿಲ್ಲ. ಒಂದು–ಒಂದು ಆಗದಿರಲಿ ಎಂದುಕೊಳ್ಳುತ್ತೇನೆ. ತಪ್ಪು ಅಂಕಿಯನ್ನು ಇನ್ನೊಮ್ಮೆ ನೇತು ಹಾಕುವ ವಯಸ್ಸು ನನ್ನದಲ್ಲ.

ಇಂತಿ ನಿಮ್ಮ,
ಸೊನ್ನೆ

*

ಜನವರಿ 11

ಸೊನ್ನೆಗೆ,

ಮೂವತ್ತನಾಲ್ಕು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ನಿಂತ ಗಾಡಿಯ ಉದ್ದಕ್ಕೂ ನಡೆಯುತ್ತ ಚಕ್ರ ಚಕ್ರಕ್ಕೂ ಸುತ್ತಿಗೆಯಿಂದ ಬಡಿಯುವುದು. ಚೆನ್ನಾಗಿರುವ ಚಕ್ರ ಹಾಡುತ್ತದೆ, ಬಿರುಕು ಬಿಟ್ಟದ್ದು ಡಬ್ಬ ಎನ್ನುತ್ತದೆ. ಕಣ್ಣಿಗೆ ಕಾಣದ್ದು ಕಬ್ಬಿಣದಲ್ಲಿ ಕೇಳುತ್ತದೆ. ಈಗ ಗಾಡಿಗಳಿಲ್ಲ, ಅಭ್ಯಾಸ ಮಾತ್ರ ಉಳಿದಿದೆ. ಮನೆಯಲ್ಲಿ ಕೊಳಾಯಿ, ಕಿಟಕಿಯ ಸರಳು, ಮಂಚದ ಕಾಲು, ಎಲ್ಲವನ್ನೂ ಬಡಿದು ನೋಡುತ್ತೇನೆ. ಎಲ್ಲವೂ ಚೆನ್ನಾಗಿಯೇ ಇವೆ. ಎರಡು ಕೋಣೆಯ ಮನೆಯಲ್ಲಿ ಸದ್ದಾಗಬೇಕಾದರೆ ನಾನೇ ಮಾಡಬೇಕು.

ನಿನ್ನ ಗೂಡು ನಿಂತಿರುವುದು ಕಬ್ಬಿಣದ ಕಂಬದ ಮೇಲೆ. ಹತ್ತೊಂಬತ್ತು ಮೆಟ್ಟಿಲ ಏಣಿ ಈ ಕಾಲಿನಲ್ಲಿ ಹತ್ತಲಾರೆ, ಬುಡದಲ್ಲಿ ನಿಲ್ಲಬಲ್ಲೆ. ಅಲ್ಲಿಂದ ಮೂಲೆಯ ಸಂದಿನಲ್ಲಿ ಮೈದಾನ ಕಾಣುತ್ತದೆ, ಹಿಂದೆ ನೋಡಿದ್ದೇನೆ. ಸುತ್ತಿಗೆ ತರುತ್ತೇನೆ, ತುದಿಗೆ ಬಟ್ಟೆ ಸುತ್ತಿ. ಕಂಬಕ್ಕೆ ಒಂದು ಬಡಿತ ಅಂದರೆ ನಿಮ್ಮ ಗೋಲು. ಎರಡು ಅಂದರೆ ನಮ್ಮದು. ಹೊರಗೆ ಯಾರಿಗೂ ಕೇಳುವುದಿಲ್ಲ, ನಿನ್ನ ಪಾದಕ್ಕೆ ಕೇಳುತ್ತದೆ.

ಶತ್ರುವಿನ ಕೈಗೆ ಬೋರ್ಡು ಕೊಟ್ಟ ಎಂದು ನಿಮ್ಮವರು ಅಂದರೆ ಅನ್ನಲಿ. ಅವರು ಮೊದಲೇ ಅಂದಿದ್ದಾರೆ.

ಡೋಲು

*

ಫೆಬ್ರವರಿ 21

ಭಾವ,

ನಿನ್ನೆಯದನ್ನು ಬರೆದಿಡದಿದ್ದರೆ ನಡೆದದ್ದು ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬರುತ್ತದೆ.

ನೀವು ಬಂದದ್ದನ್ನು ನಾನು ನೋಡಲಿಲ್ಲ. ಕಂಬಕ್ಕೆ ಏನೋ ಒರಗಿದ್ದು ಮಾತ್ರ ತಿಳಿಯಿತು, ಅದರಿಂದ ಗೂಡು ಒಂದು ಕೂದಲೆಳೆಯಷ್ಟು ಅಲುಗಿತು.

ಗ್ಯಾಲರಿಗಳು ತುಂಬಿದ್ದವು. ಹನ್ನೆರಡು ಸಾವಿರ ಜನ ಸುಮ್ಮನಿದ್ದರೆ ಅದು ನಿಶ್ಶಬ್ದವಾಗಿರುವುದಿಲ್ಲ. ತುಂಬಾ ಜನ ಒಟ್ಟಿಗೆ ಉಸಿರು ಬಿಗಿಹಿಡಿದ ಸದ್ದು ಅದು. ಚೆಂಡಿಗೆ ಬೂಟು ತಾಗುವ ಸಪ್ಪಳ ಇಷ್ಟು ಒಣಗಿರುತ್ತದೆ ಎಂದು ಈವರೆಗೆ ಗೊತ್ತಿರಲಿಲ್ಲ. ಆಟಗಾರರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದು ಕೇಳುತ್ತಿತ್ತು, ಹೊಲದಲ್ಲಿ ದೂರ ಹೋದವರನ್ನು ಕರೆದ ಹಾಗೆ. ಎಲ್ಲೋ ಒಂದು ಕೂಸು ಅತ್ತಿತು. ಮೈಕಿನವರು ಕೋಲು ಎತ್ತಿಕೊಂಡು ಆ ಕಡೆ ಓಡಿದರು. ಬಂದರಿನ ಪಟ್ಟಣಕ್ಕೆ ಅವರು ಒಯ್ದದ್ದು ಅಷ್ಟೆ, ಒಂದು ಅಳು.

ಮೊದಲು ನಮ್ಮವರು ಹೊಡೆದರು. ಹೊಡೆದವನು ಕೈ ಎತ್ತಿಕೊಂಡು ಗ್ಯಾಲರಿಯ ಕಡೆ ಓಡಿದ, ಅರ್ಧ ದಾರಿಯಲ್ಲಿ ಕೈ ಇಳಿಸಿದ, ಬೇರೆಯವರ ಮನೆಯಲ್ಲಿ ಗಟ್ಟಿಯಾಗಿ ಹಾಡಿಬಿಟ್ಟವನ ಹಾಗೆ. ಒಂದು ನೇತು ಹಾಕಿದೆ. ನಿಮ್ಮ ಸೊನ್ನೆಯಲ್ಲಿ ನೋಡುತ್ತ ಕೂತೆ. ಐವತ್ತೆಂಟನೆಯ ನಿಮಿಷಕ್ಕೆ ನಿಮ್ಮವರು ಹೊಡೆದದ್ದನ್ನು ನಾನೇ ನೋಡಿದೆ. ಆ ಸೊನ್ನೆಯನ್ನೂ ತೆಗೆದೆ. ಕತ್ತಲಾಯಿತು.

ಆಮೇಲಿನ ಹೊತ್ತು ಎಷ್ಟೆಂದು ಹೇಳಲಾರೆ. ಬೂಟು ಕಳಚಿ ಬರಿಗಾಲಲ್ಲಿ ಕಬ್ಬಿಣದ ಮೇಲೆ ನಿಂತಿದ್ದೆ. ಒಂದು ಸೀಟಿ ಕೇಳಿತು, ಏನೂ ಬಡಿಯಲಿಲ್ಲ; ಗೋಲಲ್ಲ ಎಂದುಕೊಂಡೆ. ಇನ್ನೊಂದು ಸೀಟಿ. ಆಗ ಅಂಗಾಲಿಗೆ ಎರಡು ಬಡಿತ ಬಂತು. ನಿಮ್ಮ ಗೋಲು. ಎರಡರ ತಗಡು ಕೈಗೆತ್ತಿಕೊಂಡೆ. ಹನ್ನೊಂದು ವರ್ಷದ ಹಿಂದೆ ಅದೇ ಕೊಕ್ಕೆಗೆ ಹಾಕಿದ ಅದೇ ತಗಡು, ಅಂಚಿನಲ್ಲಿ ಅಪ್ಪನ ಕತ್ತರಿ ಜಾರಿದ ಗುರುತಿದೆ. ಆದರೂ ಹಾಕಿದೆ. ಹೊರಗೆ ಯಾರೂ ಕೂಗಲಿಲ್ಲ, ಯಾರೂ ಬೈಯಲಿಲ್ಲ, ಕಂಬಿ ಮುರಿಯಲಿಲ್ಲ. ಅಂಕಿ ಸರಿಯಾಗಿತ್ತು.

ಕೊನೆಯ ಸೀಟಿಯ ಮೇಲೂ ಜನ ಏಳಲಿಲ್ಲವಂತೆ. ಅರ್ಧ ತಾಸು ಎರಡು ಗ್ಯಾಲರಿಯೂ ಹಾಗೇ ಕೂತಿದ್ದವಂತೆ, ಮಾಲೀಕ ಹಿಂದಿನ ಬಾಗಿಲಿನಿಂದ ಹೋದನಂತೆ. ಇದೆಲ್ಲ ಆಮೇಲೆ ಕೇಳಿದ್ದು. ಯಾಕೆಂದರೆ ಅಷ್ಟರಲ್ಲಿ ಮೂರು ಬಡಿತ ಬಂತು.

ಮೂರು ನಮ್ಮ ಒಪ್ಪಂದದಲ್ಲಿರಲಿಲ್ಲ. ಎರಡು ಕೈಯಲ್ಲೂ ತಗಡು ಹಿಡಿದು ನಿಂತೆ, ಯಾವುದನ್ನು ಹಾಕಬೇಕೆಂದು ತಿಳಿಯಲಿಲ್ಲ. ಮತ್ತೆ ಮೂರು. ತಗಡು ಕೆಳಗಿಟ್ಟು ಹಿಂದಿನ ಬಾಗಿಲು ತೆಗೆದೆ. ನೀವು ಹಣೆಯನ್ನು ಕಂಬಕ್ಕೆ ಒತ್ತಿ ನಿಂತಿದ್ದಿರಿ. ನೆತ್ತಿ ಪೂರಾ ಬೆಳ್ಳಗಾಗಿದೆ. ನಾನು ಬರಿಗಾಲಲ್ಲಿ ಒಂದೊಂದೇ ಮೆಟ್ಟಿಲು ಇಳಿದು ನೆಲ ಮುಟ್ಟುವಷ್ಟರಲ್ಲಿ ನೀವು ಗೇಟಿನ ಹತ್ತಿರ ಕುಂಟುತ್ತ ಹೋಗುತ್ತಿದ್ದಿರಿ. ಕೂಗಿ ಕರೆಯಬಹುದಿತ್ತು. ಆದರೆ ಕೂಗುವಂತಿರಲಿಲ್ಲವಲ್ಲ.

ಆ ಮೂರು ಬಡಿತ ನಿಮಗೆ ಹೇಗೆ ಗೊತ್ತು?

ಸೊನ್ನೆ

*

ಮಾರ್ಚ್ 24

ಭಾವ,

ಉತ್ತರ ಬರಲಿಲ್ಲ. ಬೇಡ, ಒತ್ತಾಯವಿಲ್ಲ.

ಫುಟ್‌ಬಾಲ್ ಮಂಡಳಿಯವರು ಮಾಲೀಕನಿಗೆ ಒಪ್ಪಿಗೆ ಕೊಟ್ಟರು. ತಂಡ ಹೋಗುತ್ತದೆ. ಬೇಡವೆಂದು ಕೈ ಎತ್ತಿದವರು ಇಬ್ಬರೇ, ಅದರಲ್ಲಿ ಒಬ್ಬರು ನಿಮ್ಮ ತಂಡದವರು. ಔಷಧಿ ಅಂಗಡಿಯಾಕೆ ಅವತ್ತು ಅಂಗಡಿ ತೆಗೆಯಲಿಲ್ಲ. ಮಾರನೆಯ ದಿನ ನಿಮ್ಮ ಕಂಡಕ್ಟರ್ ಹೋಗಿ ಶಟರ್ ಬಡಿದನಂತೆ, "ಅಮ್ಮಾ, ತಲೆನೋವಿಗೆ ಏನಾದ್ರೂ ಕೊಡಿ. ನಮ್ಮ ಕಡೆ ಎಲ್ಲರಿಗೂ ತಲೆನೋವು" ಎಂದನಂತೆ. ಆಮೇಲೆ ತೆಗೆದರಂತೆ.

ಮೇ ತಿಂಗಳಲ್ಲಿ ಗೂಡು ಕಳಚುತ್ತಾರೆ. ಕಬ್ಬಿಣ ತೂಕಕ್ಕೆ ಹೋಗುತ್ತದೆ. ಅಂಕಿಯ ತಗಡುಗಳನ್ನು ನನಗೆ ಬಿಟ್ಟಿದ್ದಾರೆ.

ಸೊನ್ನೆ

*

ಏಪ್ರಿಲ್ 9

ಸೊನ್ನೆಗೆ,

ಮೂರು ಬಡಿತ ಗೋಲಿಗಲ್ಲ, ಬಾಗಿಲು ತೆಗೆ ಎಂದು. ನಿಮ್ಮಪ್ಪ ಗೂಡಿನಲ್ಲಿರುವಾಗ ನಿನ್ನಕ್ಕ ಊಟದ ಡಬ್ಬಿ ತಂದು ಕಂಬಕ್ಕೆ ಮೂರು ಸಲ ಬಡಿಯುತ್ತಿದ್ದಳಂತಲ್ಲ. ಆಮೇಲೆ ನೀನು ಕೂತಾಗಲೂ. ಮದುವೆಯಾದ ಹೊಸತರಲ್ಲಿ ಹೇಳಿದ್ದಳು. ಈ ಮನೆಯ ಬಾಗಿಲನ್ನೂ ಹಾಗೇ ಬಡಿಯುತ್ತಿದ್ದಳು, ಕೈಯಲ್ಲಿ ಬೀಗದ ಕೈ ಇದ್ದರೂ.

ಅವತ್ತು ಬಾಗಿಲು ತೆಗೆಸಿ ಒಂದು ಮಾತು ಹೇಳಬೇಕೆಂದಿದ್ದೆ. ನೀನು ಅಷ್ಟು ನಿಧಾನವಾಗಿ ಇಳಿದೆ, ನನ್ನ ಧೈರ್ಯ ನಿನಗಿಂತ ಬೇಗ ಇಳಿದುಹೋಯಿತು.

ಆ ವರ್ಷ ನಾವು ಗೋಲಿಲ್ಲದೆ ಕೂಗಿದ್ದು ಯಾಕೆಂದರೆ, ನಿನ್ನಕ್ಕ ಬಂದಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವಳು ನಮ್ಮ ಗ್ಯಾಲರಿಗೆ ಕಾಲಿಟ್ಟಿರಲಿಲ್ಲ. ನಮ್ಮ ನಿಮ್ಮ ಪಂದ್ಯವೆಂದರೆ ಮನೆಯಲ್ಲಿ ಕೂತು ಬಟ್ಟೆ ಒಗೆಯುತ್ತಿದ್ದಳು. ಅವತ್ತು ಮೆಟ್ಟಿಲು ಹತ್ತಿ ಸೀದಾ ಬಂದು ನನ್ನ ಪಕ್ಕ ಕೂತಳು. ನನಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ, ಡೋಲು ಬಾರಿಸಿದೆ. ಪಕ್ಕದ ಹತ್ತು ಜನ ಅವಳನ್ನು ನೋಡಿ ಕೂಗಿದರು. ಉಳಿದವರು ಡೋಲು ಕೇಳಿ ಕೂಗಿದರು. ಡೋಲಿಗೆ ಪೆಟ್ಟು ಬಿದ್ದ ಮೇಲೆ ನಮ್ಮ ಗ್ಯಾಲರಿ ಯಾಕೆ ಏನು ಎಂದು ವಿಚಾರಿಸುವುದಿಲ್ಲ. ನೀನು ಎರಡು ಹಾಕಿದೆ.

ಆಮೇಲೆ ಎರಡು ಕಡೆಯವರೂ ನಿನ್ನನ್ನು ಬೈದರು. ನಿಜ ಹೇಳಿದರೆ ಅವಳ ಹೆಸರು ಬರುತ್ತಿತ್ತು. ಹೆಂಗಸೊಬ್ಬಳು ಬಂದು ಕೂತಳೆಂದು ಮೂವತ್ತು ಜನರಿಗೆ ಕೈಕಾಲು ಮುರಿಯಿತು ಎನ್ನುತ್ತಿದ್ದರು. ಆ ಹತ್ತು ಜನರ ಬಾಯಿ ಮುಚ್ಚಿಸಿದೆ. ಅವಳು ಹೋಗಿ ನಾಲ್ಕು ವರ್ಷವಾಯಿತು. ಅವಳಿಲ್ಲದ ಮೇಲೆ ಮುಚ್ಚಿಡುವುದಕ್ಕೆ ಕಾರಣವಿರಲಿಲ್ಲ, ಅಭ್ಯಾಸವಿತ್ತು.

ತಪ್ಪು ನಿನ್ನದಲ್ಲ. ಇಷ್ಟು ಬರೆಯಲು ಒಂದೂವರೆ ತಿಂಗಳು ಬೇಕಾಯಿತು.

ನಿನ್ನಕ್ಕನ ಗಂಡ

*

ಏಪ್ರಿಲ್ 30

ಭಾವ,

ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಕೊನೆಯ ವಾರ ನೀವು ಊಟಕ್ಕೆಂದು ಹೊರಗೆ ಹೋದಾಗ ಅಕ್ಕ ಹೇಳಿದ್ದಳು. "ಅವರಾಗೇ ಹೇಳ್ಲಿ ಕಣೋ. ಅಲ್ಲಿವರೆಗೂ ಗೊತ್ತಿಲ್ಲದವನ ಹಾಗಿರು" ಎಂದಿದ್ದಳು. ನಾಲ್ಕು ವರ್ಷ ಹಾಗೇ ಇದ್ದೆ. ಎರಡು ಕಡೆಯವರ ಬೈಗುಳ ನನಗೆ ಅಷ್ಟು ತಟ್ಟಲಿಲ್ಲ. ನೀವು ಹೇಳುತ್ತೀರಿ ಎಂದು ಕಾಯುವುದು ಉದ್ದವಾಯಿತು.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಇದನ್ನು ಅವಳೂ ನಿಮಗೆ ಹೇಳಿರಲಾರಳು.

ಅವತ್ತು ಅಕ್ಕ ಮೊದಲು ಬಂದದ್ದು ನಿಮ್ಮ ಕಡೆಗಲ್ಲ. ಅಪ್ಪ ಸತ್ತು ಅಂದಿಗೆ ಒಂದು ವರ್ಷ. ಗೂಡಿನಲ್ಲಿ ಸ್ವಲ್ಪ ಹೊತ್ತು ಕೂರಬೇಕೆಂದು ಬಂದಿದ್ದಳು. ಕಂಬಕ್ಕೆ ಮೂರು ಸಲ ಬಡಿದಳು. ನನಗೆ ಕೇಳಿತ್ತು. ಆದರೆ ಆಗಷ್ಟೇ ಒಂದು–ಒಂದು ಆಗಿತ್ತು, ಕಣ್ಣಿರಲಿಲ್ಲ, ಕಿವಿ ಎಲ್ಲ ಗ್ಯಾಲರಿಯ ಕಡೆಗಿತ್ತು. ಆಮೇಲೆ ತೆಗೆದರಾಯಿತು ಎಂದುಕೊಂಡೆ. ಮತ್ತೆ ಮೂರು ಸಲ ಬಡಿದಳು. ತೆಗೆಯಲಿಲ್ಲ. ಎಷ್ಟು ಹೊತ್ತು ನಿಂತಳೋ. ಆಮೇಲೆ ಮೈದಾನದ ಸುತ್ತ ನಡೆದು ನಿಮ್ಮ ಗ್ಯಾಲರಿಯ ಮೆಟ್ಟಿಲು ಹತ್ತಿದಳು, ಊರಿನಲ್ಲಿ ಅವಳಿಗೆ ಕೂರಲು ಜಾಗ ಬಿಡುವ ಇನ್ನೊಬ್ಬ ಮನುಷ್ಯ ಅಲ್ಲಿದ್ದನೆಂದು.

ತಪ್ಪು ನಿಮ್ಮದೂ ಅಲ್ಲ. ನಾನು ಬಾಗಿಲು ತೆಗೆದಿದ್ದರೆ ನೀವು ಡೋಲು ಬಾರಿಸುತ್ತಿರಲಿಲ್ಲ. ಬಾರಿಸಿದಿರಲ್ಲ, ಅದು ಅವಳಿಗೆ ಸಿಕ್ಕಿತಲ್ಲ, ಅಷ್ಟಾದರೂ ಆಯಿತು.

ಒಂದು ಸೊನ್ನೆಯನ್ನು ಪಾರ್ಸಲ್ ಮಾಡಿದ್ದೇನೆ. ನಿಮ್ಮ ಹೆಸರಿನ ಕೆಳಗಿರುತ್ತಿದ್ದದ್ದು. ಅಂಚು ಹರಿತ, ಹುಷಾರು.

ಸೊನ್ನೆ

*

ಸೆಪ್ಟೆಂಬರ್ 2

ಸೊನ್ನೆಗೆ,

ನಿನ್ನ ಕಾಗದ ಓದಿ ತಿಂಗಳುಗಟ್ಟಲೆ ಸುಮ್ಮನಿದ್ದೆ. ಸಿಟ್ಟಿನಿಂದಲ್ಲ. ಆ ಕಂಬದ ಬುಡದಲ್ಲಿ ಅವಳು ನಿಂತ ಜಾಗದಲ್ಲೇ ನಾನು ನಿಂತಿದ್ದೆ ಎಂಬುದನ್ನು ಒಳಗೆ ಇಳಿಸಿಕೊಳ್ಳಲು ಅಷ್ಟು ದಿನ ಹಿಡಿಯಿತು.

ಶನಿವಾರ ನಮ್ಮ ಮೈದಾನದಲ್ಲಿ ಈ ವರ್ಷದ ಮೊದಲ ಪಂದ್ಯ. ಯಾವುದೋ ಊರಿನವರು ಬಂದಿದ್ದರು. ಅವರ ಕಡೆ ಜನವೇ ಇರಲಿಲ್ಲ. ನಮ್ಮವರು ಕೂತಿದ್ದರು, ಆದರೆ ಬಾಯಿ ಬರುತ್ತಿರಲಿಲ್ಲ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಎದುರಿನ ಗೇಟಿನಿಂದ ನಿಮ್ಮ ಹತ್ತಿ ತಲೆಗಳು ಬಂದವು. ಮೂವತ್ತೆಂಟು ಜನ, ಎಣಿಸಿದೆ. ಮುಂದೆ ಔಷಧಿ ಅಂಗಡಿಯಾಕೆ. ನಿಮ್ಮದೇ ಬಾವುಟ, ಆ ಬಾವುಟಕ್ಕೆ ಈಗ ತಂಡವಿಲ್ಲ. ಎದುರಿನ ಖಾಲಿ ಗ್ಯಾಲರಿಯಲ್ಲಿ ಸಾಲಾಗಿ ಕೂತರು. ಯಾರನ್ನೂ ಹುರಿದುಂಬಿಸಲಿಲ್ಲ. ನಾವು ಗೋಲು ಹೊಡೆದಾಗ ಮೂವತ್ತೆಂಟೂ ಜನ ಎದ್ದು ನಿಂತು "ಥೂ!" ಎಂದರು.

ನಮ್ಮ ಗ್ಯಾಲರಿಗೆ ಜೀವ ಬಂತು ನೋಡು. ಗೋಲಿಗೆ ಕೂಗಿದ್ದಕ್ಕಿಂತ ಆ ಥೂಗೆ ಕೂಗಿದ್ದು ಹೆಚ್ಚು. ಬಾಯ್ಲರಿನವನು ಎದ್ದು ನಿಂತು ಅವರಪ್ಪನ ಕಾಲದ ಬೈಗುಳವೊಂದನ್ನು ತೆಗೆದ, ನಾನೂ ಕೇಳಿ ಎಷ್ಟೋ ವರ್ಷವಾಗಿತ್ತು. ಔಷಧಿ ಅಂಗಡಿಯಾಕೆ ಅಷ್ಟು ದೂರದಿಂದ ಕೈಮುಗಿದರು.

ಮೂವತ್ತೆಂಟರಲ್ಲಿ ನೀನಿರಲಿಲ್ಲ. ಎರಡು ಸಲ ಎಣಿಸಿದೆ.

ಸೊನ್ನೆಯನ್ನು ಕಿಟಕಿಗೆ ನೇತು ಹಾಕಿದ್ದೇನೆ. ಕುರ್ಚಿಯಲ್ಲಿ ಕೂತರೆ ಕಿಂಡಿಯಲ್ಲಿ ಬೀದಿ ಕಾಣುತ್ತದೆ, ತಿರುವಿನ ದೀಪದ ಕಂಬದವರೆಗೆ. ಬಡಿದು ನೋಡಿದೆ, ತಗಡು ಚೆನ್ನಾಗಿದೆ, ಬಿರುಕಿಲ್ಲ. ಇವತ್ತು ಹಾಲಿನವನು, ಒಂದು ನಾಯಿ, ಎರಡು ಸೈಕಲ್ ಹೋದವು. ಮನೆಗೆ ಯಾರೂ ಬರಲಿಲ್ಲ. ಅಂಕಿ ಸರಿಯಾಗಿಯೇ ಇದೆ.

ಭಾವ

*

ಸೆಪ್ಟೆಂಬರ್ 7

ಭಾವ,

ಶನಿವಾರ ಬರುತ್ತೇನೆ. ಒಂದರ ತಗಡು ತರುತ್ತೇನೆ, ಅದಕ್ಕೆ ಕಿಂಡಿಯಿಲ್ಲ. ಅದನ್ನು ಹಾಕಿದ ಮೇಲೆ ನಿಮಗೆ ಬೀದಿ ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಕಾಣಬೇಕಾದ್ದೂ ಇರುವುದಿಲ್ಲ.

ತಿರುವಿನಲ್ಲಿ ನನ್ನನ್ನು ಕಂಡರೂ ಎದ್ದು ಬರಬೇಡಿ, ಮೊಣಕಾಲು ನೋವು. ಬಾಗಿಲು ಹಾಕಿಯೇ ಇರಲಿ. ನಾನು ಬಡಿಯಬೇಕು.

ಸೊನ್ನೆ